ತಿರುಗಿಸಿದ ವೀಳ್ಯ

ಫೆಬ್ರವರಿ 9, 2025, ಭಾನುವಾರ. ಕಲಬುರಗಿ

ಕೊಟ್ಟ ಮಾತುಗಳು: ಜಯದೇವಿಗೆ ಕೆಲಸ. ಕಮಲಾಪುರದಲ್ಲಿ ಮನೆ ಕಟ್ಟಲು ಜಾಗ. ಸಾವಿಗೆ ಕಾರಣರಾದವರ ಮೇಲೆ ಕೇಸು. ಮೂರನ್ನೂ ಈ ಭಾಗದ ರಾಜಕೀಯ ಮುಖಂಡರೊಬ್ಬರು ಹೆಣದ ಮುಂದೆ ನಿಂತು, ಕೈ ಮುಗಿದು, ಕ್ಯಾಮೆರಾ ನೋಡುತ್ತ ಹೇಳಿದರು.

ಸಿಕ್ಕಿದ್ದು: ಕೆಲಸ ಇಲ್ಲ. ಜಾಗ ಇಲ್ಲ. ಠಾಣೆಯಲ್ಲಿ ಬರೆದುಕೊಂಡಿದ್ದು ಆಕಸ್ಮಿಕ ಸಾವು. ಮೂರಕ್ಕೂ ಒಂದೇ ಕಾರಣ ಕೊಡುತ್ತಾರೆ. ಅವನನ್ನು ಯಾರೂ ಕರೆದಿರಲಿಲ್ಲ. ಮೆರವಣಿಗೆ ನೋಡಿ ತಾನಾಗಿ ಬಂದ, ಕುಣಿದ, ಸತ್ತ.

ಮೃತ ಸಾಯಿಕುಮಾರ, ವಯಸ್ಸು ಮೂವತ್ತೆರಡು, ಹಲಗೆ ವಾದಕ. ನನ್ನ ತಮ್ಮ. ಕಳೆದ ತಿಂಗಳು ಮುಖಂಡರು ಕಮಲಾಪುರಕ್ಕೆ ಬಂದ ದಿನ ಅವರ ಗಾಡಿಯ ಮುಂದೆ ಟ್ರ್ಯಾಕ್ಟರ್ ಟ್ರಾಲಿ ಹತ್ತಿ ಬಾರಿಸುತ್ತಿದ್ದ. ಟ್ರಾಲಿಗೆ ಕಟ್ಟಿದ್ದ ಕಬ್ಬಿಣದ ಕಮಾನು ವಿದ್ಯುತ್ ತಂತಿಗೆ ತಾಗಿತು. ಉಳಿದ ಹಲಗೆಯವರು ನೆಲದ ಮೇಲಿದ್ದರು, ಉಳಿದರು. ಜಯದೇವಿ ಮೃತನ ಹೆಂಡತಿ.

ಪರಿಹಾರದ ಅರ್ಜಿಗೆ ಹೇಳಿಕೆ ಕೊಡುವಾಗ ತೊದಲಬಾರದೆಂದು ಇಷ್ಟನ್ನು ಬರೆದಿಟ್ಟುಕೊಂಡಿದ್ದೇನೆ. ಓದಿ ನೋಡಿದೆ. ಯಾರದೋ ಸುದ್ದಿಯ ಹಾಗಿದೆ. ಇರಲಿ, ಕೆಲಸಕ್ಕೆ ಅದೇ ಒಳ್ಳೆಯದು.

ಅಳು ಬಂದಿಲ್ಲ. ಬಂದವರೆಲ್ಲ ನನ್ನ ಕಣ್ಣು ನೋಡಿ ಹೋಗುತ್ತಾರೆ. ಗಟ್ಟಿಗಿತ್ತಿ ಎನ್ನುತ್ತಾರೆ. ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಮಧ್ಯಾಹ್ನ ಏನು ಉಂಡೆನೆಂದು ಕೇಳಿದರೆ ಹೇಳಲಾರೆ.

ಫೆಬ್ರವರಿ 13, ಗುರುವಾರ. ಕಲಬುರಗಿ

ಜಿಲ್ಲಾಧಿಕಾರಿ ಕಚೇರಿ ಮುಂದೆ ಧರಣಿ. ಜನ ಬಂದರು. ಶಾಮಿಯಾನದ ನೆರಳು ಸಾಲದೆ ಹೆಂಗಸರು ಸೆರಗು ಹೊದ್ದು ಬಿಸಿಲಲ್ಲೇ ಕೂತರು. ಕಾಲೇಜಿಗೆ ರಜೆ ಹಾಕಿದ್ದೆ. ಅತಿಥಿ ಉಪನ್ಯಾಸಕಿಗೆ ರಜೆಯೆಂದರೆ ಅಂದಿನ ಸಂಬಳ ಇಲ್ಲ, ಅಷ್ಟೆ.

ನಮ್ಮ ದಲಿತ ಹೋರಾಟ ಸಮಿತಿಯ ಅಧ್ಯಕ್ಷ ದಿಲೀಪಣ್ಣ ಮೊದಲು ಮಾತಾಡಿದರು. ಆಮೇಲೆ ಜಿಲ್ಲಾ ಸಂಚಾಲಕಿಯಾಗಿ ನಾನು. ವೀಳ್ಯದ ವಿಷಯ ಎತ್ತಿದಾಗ ದೊಡ್ಡ ಚಪ್ಪಾಳೆ ಬಿತ್ತು.

ಹೇಳಿಕೆಗೆ ಇದೂ ಬೇಕಾಗುತ್ತದೆ, ಬರೆಯುತ್ತೇನೆ. ಊರವರಿಗೆ ಹಲಗೆ ಬೇಕಾದಾಗ ಕೇರಿಯ ಹಿರಿಯನ ಟವೆಲಿಗೆ ಎಲೆ ಅಡಿಕೆ ಹಾಕುತ್ತಾರೆ. ಅದೇ ವೀಳ್ಯ. ಕೈಗೆ ಕೊಡುವುದಿಲ್ಲ, ಮೇಲಿನಿಂದ ಬೀಳಿಸುತ್ತಾರೆ. ಬಿದ್ದ ಮೇಲೆ ಜ್ವರವಿದ್ದರೂ ಹೋಗಬೇಕು, ಮನೆಯಲ್ಲಿ ಹೆರಿಗೆಯಾಗುತ್ತಿದ್ದರೂ ಹೋಗಬೇಕು. ಇಷ್ಟು ಕೂಲಿ ಎಂದು ಕೇಳುವಂತಿಲ್ಲ. ಹತ್ತು ವರ್ಷದ ಹಿಂದೆ ಸಮಿತಿ ಕಮಲಾಪುರದಲ್ಲಿ ಸಭೆ ಸೇರಿ ಇದನ್ನು ನಿಲ್ಲಿಸಿತು. ಬೇಕಾದವರು ಮನುಷ್ಯರನ್ನು ಕರೆದ ಹಾಗೆ ಕರೆಯಲಿ, ಕೂಲಿ ಮಾತಾಡಲಿ. ನಿರ್ಣಯ ಬರೆದವಳು ನಾನು. ಮೊದಲು ಕೈ ಎತ್ತಿದವರು ಕೇರಿಯ ಹಿರಿಯ ಹಲಗೆಯವರಾದ ಮಾಣಿಕಪ್ಪ. ನನ್ನ ತಂದೆ.

ಇವತ್ತು ಮೈಕಿನಲ್ಲಿ ಹೇಳಿದೆ: "ನಮ್ಮ ಕೇರಿಯೊಳಗ ಇವತ್ತ ವೀಳ್ಯಾ ಮುಟ್ಟೋ ಒಂದು ಕೈ ಇಲ್ಲ. ಆ ಗುಲಾಮಗಿರಿ ನಾವು ಹೂತು ಬಂದೀವಿ."

ಮಾಣಿಕಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು. ಜಮಖಾನದ ಎಳೆ ಕೀಳುತ್ತಿದ್ದರು. ದಣಿದಿರಬೇಕು.

ಫೆಬ್ರವರಿ 21, ಶುಕ್ರವಾರ. ಕಲಬುರಗಿ

ಮುನೀರಾ ಕರೆದಿದ್ದಳು. ಕೇಸು ನಡೆಸುತ್ತಿರುವವಳು ಅವಳೇ, ಕಾಲೇಜಿನಿಂದ ಗೆಳತಿ. ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಯ ಮೇಲೆ ಅವಳ ಆಫೀಸು. ಕೆಳಗೆ ಮದುವೆ ಸೀರೆಗಳ ಚೌಕಾಸಿ, ಮೇಲೆ ಸತ್ತವರ ಕಾಗದ.

ಕಾರ್ಮಿಕ ಅಧಿಕಾರಿಯ ಮುಂದೆ ನಾವು ಹಾಕಿದ ಅರ್ಜಿಗೆ ಮುಖಂಡರ ಕಡೆಯ ವಕೀಲರು ಉತ್ತರ ಕೊಟ್ಟಿದ್ದಾರೆ.

"ಯಶೋಧಾ, ನಿನ್ನ ಭಾಷಣ ಅವರಿಗೆ ಭಾಳ ಪಸಂದ್ ಆಗ್ಯದ," ಎಂದಳು. "ಒಂದು ಅಕ್ಷರ ಬಿಡಲಾರದ ಬರಕೊಂಡಾರ."

ಅವರ ಉತ್ತರ ಇಷ್ಟು: ಕಮಲಾಪುರದಲ್ಲಿ ಹಲಗೆಯವರನ್ನು ಕರೆಯುವುದು ವೀಳ್ಯದಿಂದ ಮಾತ್ರ, ಇದು ಎಲ್ಲರಿಗೂ ಗೊತ್ತಿರುವ ರೂಢಿ. ಕೇರಿಯಲ್ಲಿ ಯಾರೂ ವೀಳ್ಯ ಮುಟ್ಟುವುದಿಲ್ಲವೆಂದು ಮೃತನ ಸ್ವಂತ ಅಕ್ಕ, ಸಮಿತಿಯ ಸಂಚಾಲಕಿ, ಸಾವಿರ ಜನರ ಮುಂದೆ ಹೇಳಿದ್ದಾರೆ. ಹಾಗಾದರೆ ಮೃತನನ್ನು ಯಾರೂ ಕೆಲಸಕ್ಕೆ ಕರೆದಿಲ್ಲ. ಕೆಲಸವೇ ಅಲ್ಲದ ಮೇಲೆ ಕೆಲಸದಲ್ಲಿ ಸತ್ತ ಎಂಬುದೆಲ್ಲಿ ಬಂತು.

ಎರಡು ಸಲ ಓದಿದೆ. ವಾದ ಚೆನ್ನಾಗಿದೆ. ನನ್ನ ವಿದ್ಯಾರ್ಥಿ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಮುನೀರಾ ಕೇಳಿದಳು, ಅವತ್ತು ಕರೆದವರು ಯಾರು. ಮೃತನ ಫೋನಿಗೆ ಆ ಕಡೆಯವರ ಒಂದು ಕರೆಯೂ ಬಂದಿಲ್ಲ. ಮನೆಗೆ ಬಂದು ಬಾಯಿಮಾತಲ್ಲಿ ಕರೆದಿರಬೇಕು. ಮನೆಯಲ್ಲಿದ್ದ ಹಿರಿಯರೊಬ್ಬರೇ ಅದನ್ನು ಹೇಳಬಲ್ಲರು. ಅವರ ಹೇಳಿಕೆ ಇಲ್ಲದಿದ್ದರೆ ಅರ್ಜಿ ಬಿದ್ದು ಹೋಗುತ್ತದೆ. ಜಯದೇವಿಗೆ ಆಮೇಲೆ ಯಾವ ಬಾಗಿಲೂ ಇಲ್ಲ.

ಫೆಬ್ರವರಿ 23, ಭಾನುವಾರ. ಕಮಲಾಪುರ

ಮಾಣಿಕಪ್ಪನವರನ್ನು ಕೇಳಿದೆ.

ಯಾರು ಕರೆದರು. ಗೊತ್ತಿಲ್ಲ.

ಮನೆಗೆ ಯಾರಾದರೂ ಬಂದಿದ್ದರೇ. ನೆನಪಿಲ್ಲ.

ವೀಳ್ಯ ಏನಾದರೂ ತೆಗೆದುಕೊಂಡಿದ್ದರೇ. ಇಲ್ಲ.

ಜಯದೇವಿ ರೊಟ್ಟಿ ಬಡಿಯುತ್ತಿದ್ದಳು. ಮೂರನೆಯ ಉತ್ತರಕ್ಕೆ ಅವಳ ಕೈ ನಿಂತು ಮತ್ತೆ ಶುರುವಾಯಿತು. ಮೂರನ್ನೂ ಬರೆದುಕೊಂಡು ಸಂಜೆ ಬಸ್ಸಿಗೆ ಹೊರಟೆ. ಮಾಣಿಕಪ್ಪ ಬಸ್ ಸ್ಟ್ಯಾಂಡಿನವರೆಗೆ ಬಂದರು. ಹೆದ್ದಾರಿ ಬದಿಯ ಗಾಡಿಯಲ್ಲಿ ಕೆಂಪು ಬಾಳೆಹಣ್ಣು ಕೊಂಡು ಕೊಟ್ಟರು. ಸೀಟಿನಲ್ಲೇ ಮರೆತು ಇಳಿದೆ.

ಫೆಬ್ರವರಿ 28, ಶುಕ್ರವಾರ. ಕಲಬುರಗಿ

ನಾಳೆ ಹೈದರಾಬಾದು, ಅಲ್ಲಿಂದ ಬ್ರಸೆಲ್ಸ್. ಕರಾರಿಲ್ಲದೆ ದುಡಿಯುವವರ ಬಗ್ಗೆ ಅಲ್ಲೊಂದು ಸಭೆ. ಕಳೆದ ವರ್ಷವೇ ಕರೆದಿದ್ದರು, ಆಗ ಪೌರಕಾರ್ಮಿಕರ ಬಗ್ಗೆ ಮಾತಾಡಬೇಕಿತ್ತು. ಈಗ ತಮ್ಮನ ಬಗ್ಗೆ ಮಾತಾಡಿ ಎನ್ನುತ್ತಾರೆ. ದಿಲೀಪಣ್ಣ ಹೋಗಿ ಬಾ ಎಂದರು. ಮುನೀರಾಳಿಗೂ ಕರೆ ಇದೆ. ಅಷ್ಟರಲ್ಲಿ ರಮಜಾನ್ ಶುರುವಾಗಿರುತ್ತದೆ. ಉಪವಾಸ ಎಲ್ಲಿದ್ದರೂ ಉಪವಾಸ, ಅಲ್ಲಿ ಹಗಲು ಸಣ್ಣದು, ಲಾಭವೇ ಎಂದು ನಕ್ಕಳು.

ಬೇರೆಯವರ ಸ್ವೆಟರು, ಬೇರೆಯವರ ಬ್ಯಾಗು.

ಮಾರ್ಚ್ 4, ಮಂಗಳವಾರ. ಬ್ರಸೆಲ್ಸ್

ಚಳಿ. ಕಲ್ಲು ಹಾಸಿದ ಬೀದಿ. ಎಲ್ಲ ಚೊಕ್ಕವಾಗಿದೆ, ಯಾರು ಚೊಕ್ಕ ಮಾಡುತ್ತಾರೆಂದು ನೋಡಲು ಬೆಳಗಿನ ಜಾವ ಕಿಟಕಿಯಲ್ಲಿ ನಿಂತಿದ್ದೆ. ಕರಿಯರು. ಸರಿ.

ಮೆಟ್ರೊ ಸುರಂಗದ ದಾರಿಯಲ್ಲಿ ಒಬ್ಬ ಹೆಣ್ಣುಮಗಳು ಪಿಟೀಲು ನುಡಿಸುತ್ತಿದ್ದಳು. ಕೊರಳಲ್ಲಿ ಫೋಟೊ ಇರುವ ಬಿಲ್ಲೆ. ಪರೀಕ್ಷೆ ಮಾಡಿ ಪರವಾನಗಿ ಕೊಡುತ್ತಾರಂತೆ, ನಿಲ್ಲುವ ಜಾಗಕ್ಕೆ ಗುರುತು ಹಾಕಿರುತ್ತಾರಂತೆ. ಇದನ್ನು ಹೇಳಿದವಳು ಎಲ್ಸ್, ನಮಗೆ ಕೊಟ್ಟಿರುವ ದುಭಾಷಿ, ಇಲ್ಲಿಯವಳು. ಜನ ಪಿಟೀಲಿನವಳಿಗೆ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದರು. ಕೆಲವರು ಮುಂದೆ ಬಗ್ಗಿ ನಾಣ್ಯ ಇಟ್ಟರು. ಯಾರೂ ಮೇಲಿನಿಂದ ಬೀಳಿಸಲಿಲ್ಲ.

ನೋಡಿದೆ. ಏನೂ ಅನ್ನಿಸಲಿಲ್ಲ. ಭಾಷಣಕ್ಕೆ ಉದಾಹರಣೆಯಾದೀತು ಎಂದುಕೊಂಡೆ.

ಮಾರ್ಚ್ 5, ಬುಧವಾರ. ಬ್ರಸೆಲ್ಸ್

ಮಾತಾಡಿದೆ. ಎಲ್ಲರ ಕಿವಿಯಲ್ಲೂ ಸಣ್ಣ ಯಂತ್ರ, ಅದರೊಳಗೆ ಬೇರೆ ಯಾರೋ ನನ್ನ ಪರವಾಗಿ ಮಾತಾಡುತ್ತಿದ್ದರು. ಮೃತ, ಮೃತನ ಪತ್ನಿ, ಜಾತಿ ವ್ಯವಸ್ಥೆ, ವೀಳ್ಯ, ನಿರ್ಣಯ. ಒಬ್ಬಾಕೆ ಕಣ್ಣು ಒರೆಸಿಕೊಂಡಳು. ಅವಳನ್ನು ನೋಡಿ ಇವಳಿಗೇನಾಯಿತು ಎಂದುಕೊಂಡೆ.

ಕೊನೆಗೆ ಒಬ್ಬರು ಕೇಳಿದರು, ನಿಮ್ಮ ತಮ್ಮನನ್ನು ಕೆಲಸಕ್ಕೆ ಇಟ್ಟುಕೊಂಡವರು ಯಾರು. ಊಳಿಗಮಾನ್ಯ ವ್ಯವಸ್ಥೆ ಎಂದೆ. ಸಭ್ಯರು, ಅದರ ವಿಳಾಸ ಕೇಳಲಿಲ್ಲ.

ಮಾರ್ಚ್ 6, ಗುರುವಾರ. ಬ್ರಸೆಲ್ಸ್

ಸಂಜೆ ಮುನೀರಾಳ ಉಪವಾಸ ಬಿಡಿಸಲು ಎಲ್ಸ್‌ಳನ್ನೂ ಕರೆದುಕೊಂಡು ದೊಡ್ಡ ರೈಲ್ವೆ ಸ್ಟೇಶನ್ ಹಿಂದಿನ ಓಣಿಗೆ ಹೋದೆವು. ಮೊರಾಕ್ಕೊ ಕಡೆಯವರ ಅಂಗಡಿಗಳು. ರೊಟ್ಟಿ ಸುಡುವ ಒಂದು ಸಣ್ಣ ಹೋಟೆಲಿನಲ್ಲಿ ಖರ್ಜೂರ, ಬಿಸಿ ಸಾರು ಇಟ್ಟರು. ಮುನೀರಾಳಿಗೆ ಅವರ ಮಾತು ಬಾರದು, ಅವರಿಗೆ ಇವಳ ಉರ್ದು ಬಾರದು, ಆದರೂ ತವರಿಗೆ ಬಂದವಳ ಹಾಗೆ ಎರಡು ಸಲ ಸಾರು ಹಾಕಿಸಿಕೊಂಡಳು.

ಆಗ ಒಬ್ಬ ಬಂದ. ಐವತ್ತರ ಮೇಲಿನವನು, ತೆಳ್ಳಗೆ, ಕಂಕುಳಲ್ಲಿ ಚರ್ಮದ ವಾದ್ಯ. ನಮ್ಮ ಹಲಗೆಯ ಹಾಗೇ ಕಟ್ಟಿಗೆಯ ಬಳೆಗೆ ಒಂದೇ ಬದಿ ಚರ್ಮ. ಏನೂ ಕೇಳದೆ ಸೀದಾ ಒಲೆಯ ಹತ್ತಿರ ಹೋಗಿ ವಾದ್ಯವನ್ನು ಬೆಂಕಿಗೆ ಹಿಡಿದ. ಅಂಗಡಿಯವನು ಸರಿದು ಜಾಗ ಕೊಟ್ಟ. ಇವನು ತಿರುಗಿಸುತ್ತ, ಹೆಬ್ಬೆರಳಲ್ಲಿ ಅಂಚನ್ನು ಒತ್ತಿ ನೋಡುತ್ತ, ಮತ್ತೆ ತಿರುಗಿಸುತ್ತ ನಿಂತ.

ಸಾಯಿ ಜೋಳದ ಕಣಿಕೆ ಉರಿಸಿ ಕಾಯಿಸುತ್ತಿದ್ದ. ಅಂಗಳದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು. ಹೊಗೆ ಯಾವ ಕಡೆ ತಿರುಗಿದರೂ ಅವನ ಮುಖಕ್ಕೇ ಬರುತ್ತಿತ್ತು, ಒಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕಿವಿ ಹತ್ತಿರ ಹಿಡಿದು ಒಂದೇ ಒಂದು ಸಲ ಬೆರಳಿಂದ ತಟ್ಟುತ್ತಿದ್ದ. ಸರಿ ಇದ್ದರೆ ಏನೂ ಅನ್ನುತ್ತಿರಲಿಲ್ಲ. ಸರಿ ಇಲ್ಲದಿದ್ದರೆ ಹಲಗೆಗೇ ಬೈಯುತ್ತಿದ್ದ.

ಈ ಮನುಷ್ಯನೂ ಕಿವಿ ಹತ್ತಿರ ಹಿಡಿದು ತಟ್ಟಿದ.

ನಾವು ಹೊರಗೆ ಬಂದಾಗ ಅವನು ಸ್ಟೇಶನ್ನಿನ ಕಮಾನಿನ ಕೆಳಗೆ ಶುರು ಮಾಡಿದ್ದ. ಹಾಡು ಸಣ್ಣ ದನಿಯಲ್ಲಿ, ಪೆಟ್ಟು ದೊಡ್ಡದು. ನಾಲ್ಕಾರು ಜನ ನಿಂತರು. ಅವನ ಕೊರಳಲ್ಲಿ ಬಿಲ್ಲೆ ಇರಲಿಲ್ಲ. ಸಮವಸ್ತ್ರದ ಕಾವಲಿನವನೊಬ್ಬ ಬಂದು, ಏನೋ ಅಂದು, ಕೈ ಬೀಸಿದ. ಹಿಂಗೈಯಿಂದ, ನಾಯಿ ಓಡಿಸುವ ಹಾಗೆ. ಆ ಕೈಯನ್ನು ನಾನು ಇಷ್ಟು ದೂರ ಬಂದು ನೋಡಬೇಕಿರಲಿಲ್ಲ, ಊರಿನಲ್ಲಿ ಬೇಕಾದಷ್ಟಿವೆ. ವಾದ್ಯದವನು ಕೂಡಲೇ ನಿಲ್ಲಿಸಿ ಏನೋ ಹೇಳಿದ. ಏನಂದ ಎಂದು ಎಲ್ಸ್‌ಳನ್ನು ಕೇಳಿದೆ.

ಕಾವಲಿನವನು, ಇಲ್ಲಿ ಕೆಲಸ ಮಾಡಲು ಯಾರು ಹೇಳಿದರು ಎಂದನಂತೆ. ಇವನು, ಇಲ್ಲ ಸಾಹೇಬರೇ, ನಾನು ಕೆಲಸ ಮಾಡುತ್ತಿರಲಿಲ್ಲ, ಸುಮ್ಮನೆ ನಿಂತಿದ್ದೆ ಎಂದನಂತೆ.

ವಾದ್ಯ ಇನ್ನೂ ಬಿಸಿ ಇದ್ದಿರಬೇಕು. ಅದನ್ನು ಕೋಟಿನೊಳಗೆ ಮುಚ್ಚಿಕೊಂಡು ಹೋದ.

ನಾನು ಕೆಲಸ ಮಾಡುತ್ತಿರಲಿಲ್ಲ. ಈ ಮಾತನ್ನು ಎಲ್ಲೋ ಕೇಳಿದ್ದೇನೆಂದು ಅಲ್ಲೇ ನಿಂತೆ. ಮುನೀರಾ ಚಳಿ ಎನ್ನುತ್ತಿದ್ದಳು. ಮೈಕಿನಲ್ಲಿ ಕೇಳಿದ್ದೆ. ನನ್ನ ದನಿಯಲ್ಲಿ, ವೀಳ್ಯ ಮುಟ್ಟುವ ಒಂದು ಕೈಯೂ ಇಲ್ಲ ಎಂದು.

ಮಾರ್ಚ್ 7, ಶುಕ್ರವಾರ. ಬ್ರಸೆಲ್ಸ್

ಅದೇ ಕಮಾನಿಗೆ ಎರಡು ಸಲ ಹೋದೆ. ಇರಲಿಲ್ಲ.

ಮಾರ್ಚ್ 16, ಭಾನುವಾರ. ಕಮಲಾಪುರ

ಏನೂ ಕೇಳಬಾರದೆಂದುಕೊಂಡೇ ಬಂದೆ. ಜಯದೇವಿ ಚಹಾ ಕೊಟ್ಟಳು. ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಹೇಳಲು ಬೇರೇನೂ ಇಲ್ಲದೆ ಆ ಓಣಿ, ಆ ಹೋಟೆಲು, ಒಲೆಗೆ ವಾದ್ಯ ಹಿಡಿದವನ ಸುದ್ದಿ ಹೇಳಿದೆ.

ಅಪ್ಪನ ಕೈ ನಿಂತಿತು. ಯಾವ ಚರ್ಮ ಎಂದು ಕೇಳಿದ. ಮೇಕೆಯದಿರಬೇಕು ಎಂದೆ. ಅಗಲ ಎಷ್ಟು ಎಂದ, ಕೈಯಲ್ಲಿ ತೋರಿಸಿದೆ. ಬಡಿಗೆ ಇಲ್ಲವೇ, ಬರಿಗೈಯೇ ಎಂದ. ಬರಿಗೈ. ಒಲೆಯ ಉರಿಗೆ ಹಿಡಿದರೆ ಚರ್ಮ ಸುಟ್ಟೀತು, ಕೆಂಡಕ್ಕೆ ಹಿಡಿಯಬೇಕಿತ್ತು ಎಂದ. ಕೆಂಡಕ್ಕೇ ಹಿಡಿದಿದ್ದ ಎಂದೆ. ಹಾಗಾದರೆ ತಿಳಿದವನು ಎಂದ. ಸಾಯಿ ಹೋದ ಮೇಲೆ ಅಪ್ಪ ನನ್ನ ಜೊತೆ ಇಷ್ಟು ಮಾತಾಡಿದ್ದು ಇದೇ ಮೊದಲು.

ಆಮೇಲೆ ಕಾವಲಿನವನ ಕೈಯ ಸುದ್ದಿ, ಆ ಮನುಷ್ಯ ಹೇಳಿದ ಮಾತು.

ಅಪ್ಪ ಹೊಸೆದ ಹಗ್ಗ ಸುತ್ತಿ ಬದಿಗಿಟ್ಟ. ಜಯದೇವಿ ಹೊಸ್ತಿಲಲ್ಲಿ ಬಂದು ನಿಂತಳು.

"ನಾ ವೀಳ್ಯಾ ತಗೊಂಡೀನಿ ಯವ್ವಾ," ಎಂದ.

ಮೆರವಣಿಗೆಯ ಹಿಂದಿನ ದಿನ ಮುಖಂಡರ ಕಡೆಯ ರೇವಣಸಿದ್ದಪ್ಪ ಬಂದಿದ್ದ. ಮುಖಂಡರ ಕಮಲಾಪುರದ ಕೆಲಸವನ್ನೆಲ್ಲ ನೋಡಿಕೊಳ್ಳುವವನು ಅವನು. ಇನ್ನು ಮೇಲೆ ಫೋನ್ ಮಾಡಿ, ಕೂಲಿ ಹೇಳಿ, ಬರುತ್ತೇವೆ ಎಂದು ಸಾಯಿ ವಾದ ಮಾಡಿದನಂತೆ. ನಿಮಗೆ ಫೋನ್ ಬೇರೆ ಮಾಡಬೇಕಾ ಎಂದು ರೇವಣಸಿದ್ದಪ್ಪ ನಕ್ಕು, ವೀಳ್ಯ ತಗೊಂಡರೆ ಬನ್ನಿ, ಇಲ್ಲವಾದರೆ ಡಿಜೆ ಇದೆ ಎಂದನಂತೆ. ಅಪ್ಪ ಟವೆಲು ಒಡ್ಡಿದ. ನಿರ್ಣಯವಾದ ವರ್ಷದಿಂದಲೂ ಒಡ್ಡುತ್ತಲೇ ಇದ್ದಾನೆ. ಇಡೀ ಕೇರಿಗೆ ಗೊತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಹೇಳಲಿಲ್ಲ ಯಾಕೆ ಎಂದು ನಾನು ಕೇಳಲಿಲ್ಲ. ತಾನೇ ಹೇಳಿದ.

"ನೀ ಮೈಕಿನ್ಯಾಗ ಅಷ್ಟು ಮಂದಿ ಮುಂದ ಅಂದ ಮ್ಯಾಲ ನಾ ಹ್ಯಾಂಗ ಬಾಯಿ ತಗೀಲಿ. ನಿನ್ನ ಮಾತು ಸುಳ್ಳಾಗ್ತದ."

ಈಗ ಅಧಿಕಾರಿಯ ಮುಂದೆ ಹೇಳುತ್ತೀಯಾ ಎಂದೆ. ತಲೆ ಅಲ್ಲಾಡಿಸಿದ. ಆಗುವುದಿಲ್ಲ. ವೀಳ್ಯ ಇನ್ನೂ ಅವನ ಮೇಲಿದೆ. ಕೆಲಸ ಮುಗಿದು ಅವರು ಹೋಗಿ ಬನ್ನಿ ಎನ್ನುವವರೆಗೆ ವೀಳ್ಯ ತೆಗೆದುಕೊಂಡವನು ಆ ಮನೆಯ ವಿರುದ್ಧ ಮಾತಾಡುವುದಿಲ್ಲ. ಅವನ ಅಪ್ಪನೂ ಆಡಿಲ್ಲ, ಅಜ್ಜನೂ ಆಡಿಲ್ಲ.

"ಹುಡುಗ ಬಿದ್ದಾಗ ಎಲ್ಲಾರೂ ದಿಕ್ಕಾಪಾಲು ಓಡಿದ್ರು. ಹೋಗಿ ಬರ್ರಿ ಅಂತ ಯಾರೂ ಅನ್ನಲಿಲ್ಲ," ಎಂದ ಅಪ್ಪ. "ನನ್ನ ಪಾಲಿಗೆ ಆ ಮೆರವಣಿಗಿ ಇನ್ನಾ ನಡದೇ ಅದ."

ಹತ್ತು ವರ್ಷದ ಹಿಂದಿನ ನಾನಾಗಿದ್ದರೆ ಒಂದು ಗಂಟೆ ಭಾಷಣ ಮಾಡುತ್ತಿದ್ದೆ. ಇವತ್ತು ಮಾಡಲಿಲ್ಲ. ಕೇಳಿದ್ದು ಜಯದೇವಿ.

"ಮಾವಾ, ಅದನ್ನ ತಿರಗಿ ಕೊಡಾಕ ಬರಂಗಿಲ್ಲೇನು?"

ಕೊಡಬಹುದಂತೆ. ಎಷ್ಟು ಎಲೆ ಬಿದ್ದಿತ್ತೋ ಅಷ್ಟು ಎಲೆ, ಅಷ್ಟು ಅಡಿಕೆ, ಹಾಕಿದವನ ಬಾಗಿಲಿಗೇ ಒಯ್ದು ಕೊಡಬೇಕು, ಹಾಡುಹಗಲು, ನಾಲ್ಕು ಜನರ ಮುಂದೆ. ಆ ಮನೆಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಹಾಗೆ ತಿರುಗಿಸಿದವನೊಬ್ಬನ ಸುದ್ದಿಯನ್ನು ಅಪ್ಪ ಚಿಕ್ಕವನಿದ್ದಾಗ ಕೇಳಿದ್ದನಂತೆ. ಆ ಮನುಷ್ಯ ಆಮೇಲೆ ಊರಿನಲ್ಲಿ ಉಳಿಯಲಿಲ್ಲ.

ಮುನೀರಾಳಿಗೆ ಫೋನ್ ಮಾಡಿದೆ. ರೇವಣಸಿದ್ದಪ್ಪ ಅದನ್ನು ಹಿಂದಕ್ಕೆ ತೆಗೆದುಕೊಂಡರೆ ಕೊಟ್ಟಿದ್ದೆನೆಂದು ಒಪ್ಪಿದ ಹಾಗೆ, ನಾನು ಕೊಟ್ಟೇ ಇಲ್ಲ ಎಂದರೆ ನಿಮ್ಮಪ್ಪನ ಮೇಲಿನ ಹಂಗು ಹೋಗುತ್ತದೆ, ಹೇಳಿಕೆ ಕೊಡಬಹುದು, ಎರಡರಲ್ಲಿ ಯಾವುದಾದರೂ ನಮಗೆ ಸಾಕು ಎಂದಳು. ವಕೀಲರ ಲೆಕ್ಕ. ಅಪ್ಪನ ಲೆಕ್ಕ ಬೇರೆ. ಎರಡೂ ಒಂದೇ ಬಾಗಿಲಿಗೆ ಹೋಗುತ್ತವೆ.

ಮಾರ್ಚ್ 20, ಗುರುವಾರ. ಕಲಬುರಗಿ

ಸಮಿತಿ ಸಭೆ. ಎಲ್ಲ ಹೇಳಿದೆ. ನನ್ನ ಭಾಷಣ ತಪ್ಪು, ಕೇರಿಯಲ್ಲಿ ವೀಳ್ಯ ನಿಂತಿಲ್ಲ, ಈಗ ಅದನ್ನು ತಿರುಗಿಸಲು ಹೋಗುತ್ತೇವೆ ಎಂದು.

ಗಲಾಟೆಯಾಯಿತು. ಸುನಂದಾ, ನಮ್ಮ ಮಹಿಳಾ ಘಟಕದವಳು, ಇಂಥ ಹೋರಾಟಕ್ಕಾ ನಾವು ಲಾಠಿ ತಿಂದದ್ದು ಎಂದಳು. ದಿಲೀಪಣ್ಣ ದನಿ ಏರಿಸಲಿಲ್ಲ. ಅವರು ಏರಿಸದಿದ್ದಾಗಲೇ ಭಯ.

"ತಿರಗಸೋದು ಅಂದ್ರ ಅದನ್ನ ಒಪ್ಪಿದಂಗ ಆತಲ್ಲ ಯಶೋಧಾ," ಎಂದರು. "ಹೂತಿದ್ದನ್ನ ನೀನೇ ಅಗದು ತಗ್ಯಾಕತ್ತಿ."

ಹೂತಿದ್ದೇ ಇಲ್ಲ ಅಣ್ಣ ಎಂದೆ. ಕಾಗದದ ಮೇಲೆ ಹೂತಿದ್ದೆವು. ಕೆಳಗೆ ಅಪ್ಪ ಟವೆಲು ಒಡ್ಡಿಕೊಂಡೇ ನಿಂತಿದ್ದ.

ಸಮಿತಿಯ ಬ್ಯಾನರು ತರುವಂತಿಲ್ಲ, ನೀಲಿ ಶಾಲು ಹಾಕುವಂತಿಲ್ಲ, ಹೋಗುವುದಾದರೆ ಮನೆಯವರಾಗಿ ಹೋಗಿ, ಆಮೇಲೆ ಸಂಚಾಲಕಿ ಲಿಖಿತ ವಿವರಣೆ ಕೊಡಬೇಕು ಎಂದು ತೀರ್ಮಾನವಾಯಿತು. ಒಪ್ಪಿಕೊಂಡೆ. ಇಪ್ಪತ್ತೆರಡು ವರ್ಷದ ನಂಟು, ಬೇಸರವಾಗಬೇಕಿತ್ತು. ಹೊರಗೆ ಬಂದು ಆಟೊ ಹುಡುಕಿದೆ.

ಮಾರ್ಚ್ 23, ಭಾನುವಾರ. ಕಮಲಾಪುರ

ಬೆಳಿಗ್ಗೆ ಅಪ್ಪ ಸ್ನಾನ ಮಾಡಿ ಬಿಳಿ ಅಂಗಿ, ಧೋತ್ರ ಉಟ್ಟ. ಎಲೆಯನ್ನು ತಾನೇ ಆರಿಸಿ ತಂದಿದ್ದ, ಒಂದೂ ಹರಿದಿರಲಿಲ್ಲ. ಹಿತ್ತಾಳೆ ತಟ್ಟೆ ಜಯದೇವಿಯ ಮದುವೆಯದು. ಅಪ್ಪ, ಜಯದೇವಿ, ಮುನೀರಾ, ನಾನು, ನಾವು ನಾಲ್ವರೇ ಎಂದುಕೊಂಡಿದ್ದೆ. ಓಣಿ ದಾಟುವಷ್ಟರಲ್ಲಿ ಅವತ್ತು ಸಾಯಿಯ ಜೊತೆ ಬಾರಿಸಿದವರೆಲ್ಲ ಹಿಂದೆ ಸೇರಿಕೊಂಡರು. ಯಾರ ಕೈಯಲ್ಲೂ ಹಲಗೆ ಇರಲಿಲ್ಲ. ಪಕ್ಕದ ಮನೆಯ ಸೂಗಮ್ಮ ಬಂದಳು, ಅವಳ ಹಿಂದೆ ಇನ್ನಷ್ಟು ಹೆಂಗಸರು.

ಹೆದ್ದಾರಿಯ ಬದಿಯಲ್ಲಿ ಮುಖಂಡರ ಕಚೇರಿ. ರೇವಣಸಿದ್ದಪ್ಪ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದ. ಒಳಗೆ ನಾಲ್ಕಾರು ಜನ. ಮುನೀರಾ ಫೋನನ್ನು ಮುಚ್ಚಿಡದೆ ಕೈಯಲ್ಲೇ ಎತ್ತಿ ಹಿಡಿದಳು.

"ಏನ್ ಮಾಣ್ಯಾ, ದಂಡು ಕಟಗೊಂಡು ಬಂದಿ," ಎಂದ ರೇವಣಸಿದ್ದಪ್ಪ. ಅಪ್ಪನಿಗಿಂತ ಇಪ್ಪತ್ತು ವರ್ಷ ಚಿಕ್ಕವನು.

ಅಪ್ಪ ತಟ್ಟೆಯಿಂದ ಎಲೆ ಅಡಿಕೆ ತೆಗೆದು ಬಲಗೈಯಲ್ಲಿ ಹಿಡಿದ. ಕಟ್ಟೆಯ ಮೆಟ್ಟಿಲು ಹತ್ತಿದ. ಆ ಮೆಟ್ಟಿಲನ್ನು ಅವನು ಅದುವರೆಗೆ ಹತ್ತಿರಲಿಲ್ಲ ಎಂದು ಸೂಗಮ್ಮ ಆಮೇಲೆ ಹೇಳಿದಳು.

"ಕೈ ಹಿಡೀರಿ," ಎಂದ.

ರೇವಣಸಿದ್ದಪ್ಪನಿಗೆ ತಿಳಿಯಲಿಲ್ಲ. ಎಲೆ ನೋಡಿದ, ಅಪ್ಪನ ಮುಖ ನೋಡಿದ. ತಿಳಿದದ್ದು ನಮಗೆಲ್ಲ ಕಂಡಿತು. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತ.

"ತಿರಗಸಾಕ ಬಂದೀಯೇನು? ಈ ಮನೀ ವೀಳ್ಯಾ ತಿರಗಸ್ತೀಯೇನು ನೀ?"

"ನೀವು ಹಾಕಿದ್ದು ಅದ ರೀ. ನನ್ನ ಕಡೆ ಉಳದದ. ತಗೋರಿ."

ಒಳಗಿನಿಂದ ಒಬ್ಬ ಬಂದು ರೇವಣಸಿದ್ದಪ್ಪನ ತೋಳು ಜಗ್ಗಿದ. ಅವನು ಕೊಡವಿಕೊಂಡ. ಅವನು ಏನು ಮಾಡುತ್ತಾನೆಂದು ನಾನು ಕಾಯುತ್ತಿದ್ದೆ. ಕೊಟ್ಟಿಲ್ಲ ಎನ್ನುತ್ತಾನೆ, ಇಲ್ಲವೇ ಸುಮ್ಮನೆ ಒಳಗೆ ಹೋಗುತ್ತಾನೆ. ವಕೀಲರು ಕಲಿಸಿದ್ದೂ ಅದೇ ಇರಬೇಕು. ಆದರೆ ಕೇರಿಯವನೊಬ್ಬ ಮೆಟ್ಟಿಲು ಹತ್ತಿ ಕೈ ಹಿಡಿ ಎಂದದ್ದು ಅವನಿಗೆ ತಡೆಯದಾಯಿತು.

"ಮೆರವಣಿಗಿ ನಡುವ ಬಿಟ್ಟು ಓಡಿ ಹೋದವರು ನೀವು," ಎಂದ. "ಹಾಕಿದ ವೀಳ್ಯಾ ತಗೊಂಡು ಅರ್ಧಾ ಕೆಲಸಕ್ಕ ಕೈ ಬಿಟ್ಟೀರಿ. ಅವತ್ತ ಸಾಹೇಬ್ರ ಮಾನ ಹೋತು. ನಾವು ಕೇಳಬೇಕಾದ್ದು, ಅದನ್ನ ಬಿಟ್ಟು ನೀ ತಿರಗಸಾಕ ಬರ್ತಿ?"

ಹೆದ್ದಾರಿಯಲ್ಲಿ ಲಾರಿಯೊಂದು ಹೋಯಿತು. ಒಳಗಿನಿಂದ ಬಂದವನು ಮುನೀರಾಳ ಕೈಯನ್ನೇ ನೋಡುತ್ತಿದ್ದ.

"ಹೌದ್ರಿ," ಎಂದ ಅಪ್ಪ. "ನಡುವ ಬಿಟ್ಟೀವಿ. ನಮ್ಮ ಹುಡುಗ ಸತ್ತಿದ್ದ."

ರೇವಣಸಿದ್ದಪ್ಪ ಕೈ ಒಡ್ಡಲೇ ಇಲ್ಲ. ಅಪ್ಪ ಬಗ್ಗಿ ಎಲೆ ಅಡಿಕೆಯನ್ನು ಕುರ್ಚಿಯ ಮೇಲೆ ಇಟ್ಟ. ಬೀಳಿಸಲಿಲ್ಲ. ಎಲೆಯ ತೊಟ್ಟುಗಳನ್ನು ಒಂದೇ ಕಡೆ ಮಾಡಿ ಇಟ್ಟ. ನೆಟ್ಟಗೆ ನಿಂತು, ಅವರು ಹೇಳಬೇಕಿದ್ದ ಮಾತನ್ನು ತಾನೇ ಹೇಳಿಕೊಂಡ.

"ಹೋಗಿ ಬರ್ತೀನ್ರಿ."

ಮೆಟ್ಟಿಲು ಇಳಿಯುವಾಗ ನನ್ನ ಕಡೆ ತೋಳು ಚಾಚಿದ. ಹಿಡಿದುಕೊಂಡೆ. ಅಪ್ಪನ ತೋಳು ಇಷ್ಟು ತೆಳ್ಳಗಿದೆ ಎಂದು ಗೊತ್ತಿರಲಿಲ್ಲ.

ಮನೆಗೆ ಬಂದು, ಉಪವಾಸವಿದ್ದ ಮುನೀರಾಳನ್ನು ಬಿಟ್ಟು ಎಲ್ಲರೂ ಉಂಡೆವು. ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು. ಜಯದೇವಿಗೆ ಹೇಳಿದೆ. ಅವಳು ನನ್ನನ್ನೇ ನೋಡಿದಳು.

"ದಿನಾ ಹಾಕೋದು ಇಷ್ಟೇ ಅಕ್ಕಾ. ನೀವು ಅನ್ನಾಕತ್ತಿದ್ದು ಇವತ್ತ."

ಮಾರ್ಚ್ 27, ಗುರುವಾರ. ಕಲಬುರಗಿ

ಗೆದ್ದಿಲ್ಲ. ಮುನೀರಾ ದಿನಕ್ಕೆರಡು ಸಲ ಇದನ್ನೇ ಹೇಳುತ್ತಾಳೆ. ರೇವಣಸಿದ್ದಪ್ಪ ಸಿಟ್ಟಿನಲ್ಲಿ ಏನೋ ಅಂದ, ಅದಕ್ಕೆ ಬೆಲೆ ಇಲ್ಲ ಎಂದು ಅವರ ವಕೀಲರು ಆಗಲೇ ಶುರು ಮಾಡಿದ್ದಾರೆ. ಠಾಣೆಯಲ್ಲಿ ಇನ್ನೂ ಆಕಸ್ಮಿಕ ಸಾವೇ. ಮುಖಂಡರು ಊರಿನಲ್ಲಿಲ್ಲ. ಮೊನ್ನೆಯಿಂದ ಕೇರಿಯ ಇಬ್ಬರಿಗೆ ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಇಲ್ಲ ಎಂದು ಕಳಿಸಿದ್ದಾರೆ. ಇನ್ನೂ ಆಗುತ್ತದೆ.

ಆದರೆ ಇವತ್ತು ಕಾರ್ಮಿಕ ಅಧಿಕಾರಿ ಆ ವೀಡಿಯೊ ನೋಡಿದರು. ಹಾಕಿದ ವೀಳ್ಯ, ಅರ್ಧ ಕೆಲಸ ಎಂಬಲ್ಲಿ ನಿಲ್ಲಿಸಿ ಮತ್ತೊಮ್ಮೆ ನೋಡಿದರು. ಆಮೇಲೆ ಅಪ್ಪನನ್ನು ಕರೆದು ಹೇಳಿಕೆ ಬರೆಸಿಕೊಂಡರು. ಕೂತು ಹೇಳಿ ಎಂದರೆ ಅಪ್ಪ ಕೇಳಲಿಲ್ಲ, ನಿಂತೇ ಹೇಳಿದ. ಮಗ ಅವತ್ತು ಏನು ಮಾಡುತ್ತಿದ್ದ ಎಂದು ಕೇಳಿದರು.

"ಕೆಲಸ ಮಾಡಾಕತ್ತಿದ್ದ ರೀ," ಎಂದ.

ಅಲ್ಲಿಂದ ನಾನು ಸ್ವಲ್ಪ ಹೊರಗೆ ಹೋಗಬೇಕಾಯಿತು. ಕಾರಿಡಾರಿನ ಕೊನೆಯ ನಲ್ಲಿಯಲ್ಲಿ ಮುಖ ತೊಳೆದೆ. ಬಿಸಿಲು ಹೆಚ್ಚಾಗಿದೆ, ಕಣ್ಣು ಉರಿಯುತ್ತವೆ.

ಸಾಯಂಕಾಲ ಸಮಿತಿಗೆ ವಿವರಣೆ ಬರೆಯಲು ಕೂತೆ. ಅರ್ಧ ಪುಟ ಬರೆದು ಹರಿದೆ. ದಿಲೀಪಣ್ಣನಿಗೆ ಫೋನ್ ಮಾಡಿ, ವಿವರಣೆ ಕಾಗದದಲ್ಲಿ ಕೊಡುವುದಿಲ್ಲ, ನೀವೇ ಕೇರಿಗೆ ಬನ್ನಿ, ಹಲಗೆಯವರ ಬಾಯಿಂದಲೇ ಕೇಳಿ ಎಂದೆ. ವೀಳ್ಯವಿಲ್ಲದೆ ಕರೆದಿದ್ದಿ, ಬರಬೇಕಲ್ಲ ಎಂದರು. ನಕ್ಕರೋ ಬೈದರೋ ಗೊತ್ತಾಗಲಿಲ್ಲ.

ಸಭೆಯ ವಿಷಯ: ಹಲಗೆಯವರನ್ನು ಕೆಲಸಕ್ಕೆ ಹೇಗೆ ಕರೆಯಬೇಕು, ಕೂಲಿ ಯಾರು ಹೇಳಬೇಕು, ಕೆಲಸ ಮುಗಿಯಿತೆಂದು ಯಾರು ಹೇಳಬೇಕು. ಮೊದಲು ಮಾತಾಡುವವರು ಹಲಗೆಯವರು. ನನಗೆ ಮೈಕು ಬೇಡ, ಬರೆದುಕೊಳ್ಳುವ ಕೆಲಸ ನನ್ನದು.

ಏಪ್ರಿಲ್ 5, ಶನಿವಾರ, ಸಂಜೆ ನಾಲ್ಕು ಗಂಟೆಗೆ. ಕಮಲಾಪುರ, ನಮ್ಮ ಮನೆಯ ಅಂಗಳ.